ಮಜ್ಜಿಗೆಯಲ್ಲಿ ಕಲೆಸಿದ ರಾಗಿಗುಡ್ಡ

ರಾಗಿಗುಡ್ಡ ಎಂದ ಕೂಡಲೇ ಬೆಂಗಳೂರಿನವರು ಜಯನಗರದ ಆಂಜನೇಯನಿಗೆ ಕೈ ಮುಗಿಯುತ್ತಾರೆ. ಈಗಂತೂ ಅಲ್ಲಿ ಅದೇ ಹೆಸರಿನ ಮೆಟ್ರೊ ನಿಲ್ದಾಣವೂ ಆಗಿದೆ. ನಾನು ಹೇಳುತ್ತಿರುವುದು ಶಿವಮೊಗ್ಗದ ರಾಗಿಗುಡ್ಡ. ಇಲ್ಲಿಗೆ ಮೆಟ್ರೊ ಬಂದಿಲ್ಲ. ಆದರೆ ಈ ಗುಡ್ಡವನ್ನು ಕಾಗದದ ಮೇಲೆ ಇಷ್ಟು ಸಲ ನೆಲಸಮ ಮಾಡಿದವನು ನಾನೊಬ್ಬನೇ ಇರಬೇಕು.

ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಸಣಕಲು ಮನುಷ್ಯ, ಮಾತು ಕಡಿಮೆ. ಚಿತ್ರಕಲೆಯ ಲೋಯರ್ ಪರೀಕ್ಷೆಗೆ ಕಟ್ಟಿದ ಹುಡುಗರಿಗೆ ತಮ್ಮ ಜೇಬಿನ ದುಡ್ಡಲ್ಲೇ ಶೀಟು ತಂದುಕೊಡುತ್ತಿದ್ದರು. ಭಾನುವಾರವೂ ಪಾಠ. ಮೊದಲ ದಿನ ನಾನು ಬರೆದ ಗುಡ್ಡವನ್ನು ಬಹಳ ಹೊತ್ತು ನೋಡಿದರು.

"ಏನೋ ಇದು?"

"ಗುಡ್ಡ ಸಾರ್."

"ಹಾಲು ಎಷ್ಟು ಕೊಡುತ್ತೆ?"

ಬೈಗುಳ ಅಷ್ಟಕ್ಕೇ ಮುಗಿಯಿತು. ಮರುವಾರ ನಮ್ಮನ್ನೆಲ್ಲ ಗುಡ್ಡದ ಬುಡಕ್ಕೇ ಕರೆದುಕೊಂಡು ಹೋದರು. ಪೆನ್ಸಿಲ್ ಮುಟ್ಟಲು ಬಿಡಲಿಲ್ಲ. ಸುಮ್ಮನೆ ಬಂಡೆ ನೋಡಿ ಅಂದರು. ಬೆಳಗಿನ ಬಂಡೆಯ ಬಣ್ಣ ಮಧ್ಯಾಹ್ನಕ್ಕೆ ಇರುವುದಿಲ್ಲ, ನೆರಳು ಅಂದರೆ ಬರೀ ಕಪ್ಪಲ್ಲ, ಅದರಲ್ಲಿ ನೀಲಿಯೂ ಇರುತ್ತದೆ ಎಂದು ತೋರಿಸಿಕೊಟ್ಟರು. ಬಣ್ಣ ಹಚ್ಚುವ ಹೊತ್ತಿಗೆ ನನ್ನ ಚೀಲದಲ್ಲಿದ್ದದ್ದು ನೀರಲ್ಲ, ಅಮ್ಮ ತುಂಬಿಕೊಟ್ಟ ಮಜ್ಜಿಗೆ. ಎರಡೂ ದ್ರವವೇ ತಾನೆ ಎಂದು ಕುಂಚ ಅದ್ದಿದೆ. ಚಿತ್ರವನ್ನು ಬಿಸಿಲಿಗೆ ಒಣಗಲು ಇಟ್ಟು ಅತ್ತ ತಿರುಗಿದ್ದೇ ತಡ, ಬೀದಿನಾಯಿಯೊಂದು ಬಂದು ಇಡೀ ರಾಗಿಗುಡ್ಡವನ್ನು ನೆಕ್ಕಿ ಮುಗಿಸಿತು. ಮೇಷ್ಟ್ರು ಹೊಸ ಶೀಟು ಕೊಡುತ್ತಾ, "ಸದ್ಯ, ಒಬ್ಬರಿಗಾದರೂ ರುಚಿಸಿತಲ್ಲ" ಅಂದರು. ಜೊತೆಗೆ, "ಭದ್ರಾವತಿಯವರು 1936ರಲ್ಲೇ ಕಾಗದದ ಕಾರ್ಖಾನೆ ಕಟ್ಟಿದ್ದು ನಿನ್ನನ್ನು ನೆನೆಸಿಕೊಂಡೇ ಇರಬೇಕು" ಎಂದೂ ಸೇರಿಸಿದರು.

ದೊಡ್ಡವನಾದ ಮೇಲೂ ಬುದ್ಧಿ ಬರಲಿಲ್ಲ. ದಾಯಾದಿಯೊಬ್ಬ ಹಾಲಿನ ಡೇರಿ ತೆರೆದಾಗ, ಬೋರ್ಡಿಗೆ ಎಮ್ಮೆ ಬರೆದುಕೊಡುತ್ತೇನೆ ಎಂದು ನಾನೇ ಮೈಮೇಲೆ ಎಳೆದುಕೊಂಡೆ. ಬೋರ್ಡು ನೇತುಹಾಕಿದ ದಿನವೇ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ, "ಜಲ್ಲಿ ಲೋಡಿಗೆ ಎಷ್ಟು ಸ್ವಾಮಿ?" ಎಂದು ಕೇಳಿದ. ಗುಡ್ಡ ಬರೆದರೆ ಎಮ್ಮೆಯಾಗುತ್ತಿತ್ತು, ಎಮ್ಮೆ ಬರೆದರೆ ಗುಡ್ಡವಾಯಿತು. ಒಟ್ಟಿನಲ್ಲಿ ಶೈಲಿ ಮಾತ್ರ ಬದಲಾಗಿಲ್ಲ.

ಹಾಗಂತ ಈ ಸೀಮೆಯ ನೀರಿನಲ್ಲೇ ದೋಷ ಎನ್ನುವಂತಿಲ್ಲ. 1957ರಲ್ಲಿ ಅದೇ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತರು. ಅದು ಆರ್.ಎಂ. ಹಡಪದ್ ಎಂಬ ಮೇಷ್ಟ್ರು 1968ರಲ್ಲಿ ಆರಂಭಿಸಿದ ಪುಟ್ಟ ಶಾಲೆ. ಅಲ್ಲಿಂದ ಶೀಲಾ ಅವರು ಕೆ.ಜಿ. ಸುಬ್ರಮಣ್ಯನ್ ಅವರ ಶಿಷ್ಯೆಯಾಗಿ ಶಾಂತಿನಿಕೇತನಕ್ಕೆ, ಮುಂದೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೆ ಹೋದರು. ತೊಂಬತ್ತರ ದಶಕದಲ್ಲಿ ಸೆಗಣಿಯನ್ನೇ ಮಾಧ್ಯಮ ಮಾಡಿಕೊಂಡರು. ಕುಂಕುಮ, ದಾರ, ಸೂಜಿ, ತಲೆಗೂದಲು ಎಲ್ಲವೂ ಅವರ ಕೈಯಲ್ಲಿ ಕಲೆಯಾದವು. 2009ರಲ್ಲಿ ವೆನಿಸ್ ಬಿನಾಲೆ, 2019ರಲ್ಲಿ ಮಾರಿಯಾ ಲಾಸ್ನಿಗ್ ಪ್ರಶಸ್ತಿ.

ಇದನ್ನು ಓದಿದಾಗ ನನ್ನ ಎದೆ ಉಬ್ಬಿತು. ನಾನು ಕಲೆಸಿದ ಬಣ್ಣವನ್ನೂ ಮೇಷ್ಟ್ರು ಸೆಗಣಿ ಎಂದೇ ಕರೆಯುತ್ತಿದ್ದರಲ್ಲ! ಹೆಂಡತಿಗೆ ಹೇಳಿದೆ. "ಅವರದು ಸೆಗಣಿಯಲ್ಲಿ ಕಲೆ, ನಿಮ್ಮದು ಕಲೆಯಲ್ಲಿ ಸೆಗಣಿ" ಎಂದು ಹೇಳಿ ಆಕೆ ಸಾರಿಗೆ ಒಗ್ಗರಣೆ ಹಾಕಲು ಹೋದಳು.

ಮೇಷ್ಟ್ರ ಪಾಠ ಕೈಗೆ ಹತ್ತಲಿಲ್ಲ, ಕಣ್ಣನ್ನು ಮಾತ್ರ ಬಿಟ್ಟಿಲ್ಲ. ಗೋಡೆಯ ನೆರಳಿನಲ್ಲಿ ನೀಲಿ ಹುಡುಕುತ್ತಾ ನಿಂತು ಸಿಟಿ ಬಸ್ಸು ತಪ್ಪಿಸಿಕೊಳ್ಳುತ್ತೇನೆ. ಗಾಂಧಿ ಬಜಾರಿನಲ್ಲಿ ಸೀರೆ ಅಂಗಡಿಯವರು ಮೆರೂನ್ ಅಂದರೆ, ಅಲ್ಲ, ಇದು ಸುಟ್ಟ ಇಟ್ಟಿಗೆಯ ಬಣ್ಣ, ಅದೂ ಮಳೆಯಲ್ಲಿ ನೆನೆದದ್ದು ಎಂದು ವಾದಕ್ಕಿಳಿಯುತ್ತೇನೆ. ಈಚೆಗೆ ಹೆಂಡತಿ ಸೀರೆಗೆ ಒಬ್ಬಳೇ ಹೋಗುತ್ತಾಳೆ.

ಈಗ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರ ಹುದ್ದೆ ಖಾಲಿ. ಆ ಪೀರಿಯಡ್ಡನ್ನು ಗಣಿತದವರು ನುಂಗುತ್ತಾರೆ. ದಯವಿಟ್ಟು ಆ ಹುದ್ದೆಗಳನ್ನು ತುಂಬಿ. ನನ್ನಂಥವರು ಒಂದಷ್ಟು ಶೀಟು ಹಾಳು ಮಾಡುತ್ತೇವೆ, ನಿಜ. ಆ ಖರ್ಚನ್ನು ಸರ್ಕಾರ ತಡೆದುಕೊಳ್ಳಬೇಕು.