ಅಯಸ್ಕಾಂತೀಯ ತಟ್ಟೆ ಇಡ್ಲಿ ಮೀಮಾಂಸೆ

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಚೂರು ಮಾಡಿದರೆ ಒಂದು ಚೂರಿಗೆ ನ್ಯಾನೋಮೀಟರ್ ಎಂದು ಹೆಸರು. ಕಬ್ಬಿಣದ ಹರಳು ಇಂಥ ಹತ್ತಿಪ್ಪತ್ತು ಚೂರಿನಷ್ಟಾದಾಗ ಅದರ ಕಾಂತತ್ವ ಯಾವ ಕಡೆ ಮುಖ ಮಾಡುತ್ತದೆಂಬುದರಲ್ಲಿ ಆಕಾರದ ಕೈವಾಡವೂ ಇರುತ್ತದೆ. 1945ರಲ್ಲಿ ಆಸ್ಬರ್ನ್, 1948ರಲ್ಲಿ ಸ್ಟೋನರ್ ಮತ್ತು ವೋಲ್‌ಫಾರ್ತ್ ಎಂಬ ಭೌತವಿಜ್ಞಾನಿಗಳು ಇದನ್ನು ಗಣಿತದಿಂದ ಸಾಧಿಸಿದರು. ತಟ್ಟೆ ಇಡ್ಲಿಗೆ ಹೆಸರಾದ ಕ್ಯಾತ್ಸಂದ್ರದಲ್ಲಿ ಬಸ್ಸಿಳಿದಿದ್ದರೆ ಅಷ್ಟು ಹೆಣಗಬೇಕಿರಲಿಲ್ಲ.

ಪ್ರಮಾಣ ಹೀಗಿದೆ. ಹಬೆಯಾಡುವ ತಟ್ಟೆ ಇಡ್ಲಿಯ ನಡುವೆ ಬೆಣ್ಣೆ ಮುದ್ದೆಯಿಟ್ಟು ಕಾಯಿರಿ. ಬೆಣ್ಣೆ ಮೇಲಕ್ಕೇಳದು, ಅಂಚಿನತ್ತಲೇ ಹರಿಯುತ್ತದೆ. ಬಿಲ್ಲೆಯಾಕಾರದ ಹರಳಿನ ಕಾಂತತ್ವವೂ ಹೀಗೇ ಮಲಗಿಕೊಳ್ಳುತ್ತದೆ. ಎದ್ದು ನಿಂತಿತೋ, ಅಗಲ ಮುಖಗಳೆರಡರಲ್ಲೂ ಧ್ರುವಗಳು ಹುಟ್ಟಿ, ಒಳಗೊಳಗೇ ಅದರ ಮೇಲೆ ತಿರುಗಿಬೀಳುತ್ತವೆ. ಈ ಒಳಜಗಳದ ಪಾಲು ಮೂರೂ ದಿಕ್ಕಿಗೆ ಕೂಡಿದರೆ ಒಂದೇ ರೂಪಾಯಿ. ಉಂಡೆಯಲ್ಲಿ ಮೂವರು ಅಣ್ಣತಮ್ಮಂದಿರಿಗೂ ಸಮಪಾಲು, ಹಾಗಾಗಿ ಪಕ್ಷಪಾತವಿಲ್ಲ. ತೆಳು ಬಿಲ್ಲೆಯಲ್ಲಿ ಹೆಚ್ಚೂಕಮ್ಮಿ ಪೂರಾ ರೂಪಾಯಿ ನಿಂತವನ ತಲೆಗೇ. ಉದ್ದ ಸೂಜಿಯಲ್ಲಿ ಅಡ್ಡಡ್ಡ ಇರುವವರಿಬ್ಬರಿಗೆ ಎಂಟೆಂಟಾಣೆ, ಉದ್ದಕ್ಕೆ ಮಲಗಿದವನು ಬಚಾವು.

ಸೂಜಿಯೆಂದರೆ ಗುಬ್ಬಿ ಪ್ರಕರಣ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯನ್ನು ನೋಡದ ನಮ್ಮಂಥವರಿಗೆ ರಂಗಗೀತೆ ದಕ್ಕಿದ್ದು ಕ್ಯಾಸೆಟ್ಟಿನಲ್ಲಿ. ಆ ಕಂದು ಪಟ್ಟಿಗೆ ಬಳಿದದ್ದು ಸೂಜಿಯಂಥ ಕಬ್ಬಿಣದ ಆಕ್ಸೈಡ್ ಕಣಗಳನ್ನು. ಆಕ್ಸೈಡು ಲೋಹವಲ್ಲವೆಂದು ಪೂರ್ವಪಕ್ಷಿ ತಗಾದೆ ತೆಗೆದಾನು. ಮುಂದೆ ಬಂದ ಮೆಟಲ್ ಟೇಪಿನಲ್ಲಿ ಕಬ್ಬಿಣದ ಸೂಜಿಗಳೇ ಇದ್ದವು, ಬಾಯಿ ಮುಚ್ಚಿಕೊಳ್ಳಲಿ. ಉದ್ದಕ್ಕಿದ್ದುದರಿಂದ ಅವು ಹಾಡನ್ನು ನೆನಪಿಟ್ಟವು. ಅದೇ ಕಣ ಹತ್ತು ನ್ಯಾನೋಮೀಟರಿನ ಉಂಡೆಯಾಗಿದ್ದರೆ, ಕೋಣೆಯ ಬಿಸಿಗೇ ಕ್ಷಣಕ್ಕೊಮ್ಮೆ ಮಗ್ಗುಲು ಬದಲಿಸುತ್ತ, ಮಾತು ಮರೆತ ನಟನ ಹಾಗೆ ಪರದೆಯತ್ತ ನೋಡುತ್ತಿತ್ತು.

ಬಿಲ್ಲೆ, ಸೂಜಿ ಮುಗಿದವು, ಉಳಿದದ್ದು ಲಾಳದ ಕುಣಿಗಲ್. ಕುದುರೆ ಫಾರಂ ಇರುವ ಊರಿನಲ್ಲಿ ಲಾಳಾಕೃತಿಯ ಅಯಸ್ಕಾಂತದ ಮೂಲ ಸಿಕ್ಕೇ ಸಿಗುತ್ತದೆಂದು ಹೊರಟೆ. ಬಾಗಿಸಿದ ಕಬ್ಬಿಣದಲ್ಲಿ ಎರಡೂ ಧ್ರುವ ಹತ್ತಿರ ಬಂದು ಹಿಡಿತ ಬಿಗಿಯಾಗುತ್ತದಲ್ಲ, ಆ ಮರ್ಮ ಲಾಳ ಕಟ್ಟುವವರಿಗೆ ತಿಳಿಯದೆ ಇರುತ್ತದೆಯೇ? ಗೊರಸನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದ ಒಬ್ಬರನ್ನು ಕೇಳಿದೆ: ಈ ಆಕಾರದ ತಾತ್ವಿಕ ಹಿನ್ನೆಲೆ ಏನು?

ಅವರು ಮೊಳೆ ತೆಗೆದು, "ಗೊರಸು ಹೆಂಗೈತೋ ಲಾಳ ಹಂಗೇ ಸ್ವಾಮಿ. ಒಸಿ ಈಚೆ ನಿಂತ್ಕಳಿ, ಒದ್ದಾತು" ಅಂದರು.

ಈ ಅಭಿಪ್ರಾಯಕ್ಕೆ ಗ್ರಂಥಾಧಾರವಿಲ್ಲದ ಕಾರಣ ಪ್ರಬಂಧದಿಂದ ಕೈಬಿಡಲಾಗಿದೆ. ಈಚೆಗಂತೂ ನಿಂತೆ.