ಖಾಸಗಿ ಡಾಂಬರು ಮೀಮಾಂಸೆ

ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ಎಷ್ಟು ದಂಡು ಬಂದವು, ಎಷ್ಟು ದಂಡು ಹೋದವು ಎಂಬುದನ್ನು ಇತಿಹಾಸಕಾರರು ದಪ್ಪ ದಪ್ಪ ಸಂಪುಟಗಳಲ್ಲಿ ಬರೆದಿಟ್ಟಿದ್ದಾರೆ. ಬಹಮನಿಗಳು ಬಂದರು, 1520ರಲ್ಲಿ ಕೃಷ್ಣದೇವರಾಯ ಬಂದು ಆದಿಲಶಾಹಿಯ ಕೈಯಿಂದ ರಾಯಚೂರನ್ನು ಕಿತ್ತುಕೊಂಡ, ಆಮೇಲೆ ಮತ್ಯಾರೋ ಅದನ್ನು ಮರಳಿ ಕಿತ್ತುಕೊಂಡರು. ಆದರೆ ರಾಯಚೂರು–ಲಿಂಗಸುಗೂರು ಹೆದ್ದಾರಿಯನ್ನು ಕವಿತಾಳದ ಹತ್ತಿರ ಬಿಟ್ಟು, ಜಾಲಿಗಿಡದ ಪಕ್ಕ ತಿರುಗಿ, ಹೊಲದ ಮನೆ ಮುಟ್ಟುವ ಕೊನೆಯ ಅರ್ಧ ಕಿಲೋಮೀಟರಿನ ಬಗ್ಗೆ ಯಾವ ವಿದ್ವಾಂಸನೂ ಒಂದು ಅಡಿಟಿಪ್ಪಣಿಯನ್ನಾದರೂ ಬರೆದದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಆ ದಾರಿಗೆ ಸ್ವಂತ ಖರ್ಚಿನಲ್ಲಿ ಡಾಂಬರು ಹಾಕಿಸುವ ಮಹಾಕಾರ್ಯವಂತೂ ಶಾಸ್ತ್ರದ ಕಣ್ಣಿಗೆ ಇನ್ನೂ ಬಿದ್ದೇ ಇಲ್ಲ. ಈ ಪ್ರಬಂಧ ಆ ಲೋಪವನ್ನು ಸರಿಪಡಿಸಲು ಹೊರಟಿದೆ.

ಮೊದಲು ಪ್ರಾಚೀನ ಆಧಾರಗಳು. ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿ ಮೀರಿದ ಒಂದೇ ಒಂದು ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗನ್ನಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲೆ ಕೊರೆದಿದ್ದಾರೆ. ಅಷ್ಟೇ ಅಲ್ಲ, ಆ ಕಲ್ಲನ್ನು ತಂದ ಬಗೆಯನ್ನೂ ಚಿತ್ರವಾಗಿ ಕೆತ್ತಿದ್ದಾರೆ. ಗಟ್ಟಿಗಾಲಿಯ ಬಂಡಿ, ಬಂಡಿಯ ಮೇಲೆ ಕಲ್ಲು, ಮುಂದೆ ಸಾಲುಗಟ್ಟಿದ ಕೋಣಗಳು, ಹುರುಪೆಬ್ಬಿಸಿ ಹೊಡೆಯುವವರು, ಗಾಲಿಗೆ ಹಾರೆ ಕೊಟ್ಟು ಮೀಟುವವರು. ಕಲಾವಿಮರ್ಶಕರು ಇದನ್ನು ನೋಡಿ ಶಿಲ್ಪಿಯ ಕೈಚಳಕ ಹೊಗಳಿ ಬಸ್ಸು ಹತ್ತುತ್ತಾರೆ. ರಸ್ತೆಶಾಸ್ತ್ರಜ್ಞನಿಗೆ ಹಾಗೆ ಹೋಗಲು ಬರುವುದಿಲ್ಲ. ಅವನು ಕೇಳಬೇಕಾದ ಪ್ರಶ್ನೆ ಒಂದೇ: ಇಷ್ಟೆಲ್ಲ ಕೆತ್ತಿದವನು ದಾರಿಯನ್ನು ಯಾಕೆ ಕೆತ್ತಲಿಲ್ಲ? ಉತ್ತರ ಆ ಹಾರೆಯಲ್ಲಿದೆ. ಗಾಲಿಗೆ ಹಾರೆ ಕೊಡುವುದು ಯಾವಾಗ ಎಂದು ಸೀಮೆಯ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ: “ಬಂಡಿ ಹುಗದಾಗ ರೀ.” ಆದ್ದರಿಂದ ಇದು ಕೋಟೆ ಕಟ್ಟಿದ ಶಾಸನವೆಂಬ ಈವರೆಗಿನ ಅಭಿಪ್ರಾಯ ತಪ್ಪು. ಎರೆಮಣ್ಣಿನಲ್ಲಿ ಬಂಡಿ ಹುಗಿದ ಬಗ್ಗೆ ಸಂಬಂಧಪಟ್ಟವರ ಗಮನಕ್ಕೆ ತಂದ ಮೊಟ್ಟಮೊದಲ ಸಚಿತ್ರ ದೂರು ಇದು ಎಂಬುದು ನಮ್ಮ ಸಿದ್ಧಾಂತ. ದೂರು ಇನ್ನೂ ಪರಿಶೀಲನೆಯಲ್ಲಿದೆ.

ಇನ್ನೂ ಹಿಂದಕ್ಕೆ ಹೋಗುವವರು ಮಸ್ಕಿಗೆ ಹೋಗಬಹುದು. 1915ರಲ್ಲಿ ಅಲ್ಲಿ ಸಿಕ್ಕ ಬಂಡೆಶಾಸನದಲ್ಲಿ ಅಶೋಕನ ಹೆಸರೇ ಬಂದದ್ದರಿಂದ ದೇಶದ ಇತಿಹಾಸದ ದೊಡ್ಡ ಒಗಟೊಂದು ಬಿಡಿಸಿಕೊಂಡಿತು. ದಾರಿಬದಿಗೆ ಮರ ನೆಡಿಸಿದೆ, ಬಾವಿ ತೋಡಿಸಿದೆ ಎಂದು ಅವನ ಬೇರೆ ಶಾಸನಗಳು ಹೇಳುತ್ತವೆ. ದಾರಿಗೆ ಖಡಿ ಹಾಕಿಸಿದೆ ಎಂದು ಮಾತ್ರ ಅವನು ಹೇಳಿಕೊಂಡಿಲ್ಲ. ಚಕ್ರವರ್ತಿಯಾದರೂ ಸುಳ್ಳು ಬಿಲ್ಲು ಬರೆಯದವನು.

ಇನ್ನು ನೆಲದ ವಿಚಾರ. ರಸ್ತೆಶಾಸ್ತ್ರದ ಆದ್ಯಪ್ರವರ್ತಕ, ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕ್ಆಡಮ್ (1756–1836) ಒಂದು ಮೂಲತತ್ತ್ವ ಹೇಳಿದ್ದಾನೆ. ಭಾರ ಹೊರುವುದು ಕಲ್ಲಲ್ಲ, ಕೆಳಗಿನ ನೆಲ. ಆ ನೆಲವನ್ನು ಒಣಗಿಸಿ ಇಟ್ಟರೆ ಎಷ್ಟು ಭಾರವನ್ನಾದರೂ ಅದು ತಡೆಯುತ್ತದೆ. ಜಗತ್ತು ಈ ಮಾತನ್ನು ಒಪ್ಪಿ ರಸ್ತೆ ಮಾಡಿಕೊಂಡಿತು. ಕವಿತಾಳದ ಎರೆ ಒಪ್ಪಿಲ್ಲ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹಸಿ ಇದ್ದಾಗ ಟ್ರ್ಯಾಕ್ಟರನ್ನು ನುಂಗುತ್ತದೆ, ಒಣಗಿದಾಗ ಬಿರುಕಿನೊಳಗೆ ಕುಡಗೋಲನ್ನು ನುಂಗುತ್ತದೆ. ನೆಲದ ತಾಕತ್ತನ್ನು ಅಳೆಯಲು ಕ್ಯಾಲಿಫೋರ್ನಿಯದವರು ಸಿಬಿಆರ್ ಎಂಬ ಪರೀಕ್ಷೆ ಮಾಡಿಟ್ಟಿದ್ದಾರೆ. ಒಳ್ಳೆಯ ಖಡಿಗೆ 100 ಅಂಕ. ನೀರಲ್ಲಿ ನೆನೆಸಿದ ಎರೆಗೆ ಸಾಮಾನ್ಯವಾಗಿ 2, ಮಾಸ್ತರರು ಮರುಗಿದರೆ 3 ಅಥವಾ 4. ಯಾವ ಬೋರ್ಡಿನ ಪರೀಕ್ಷೆಯಲ್ಲೂ ಇದು ಪಾಸಲ್ಲ. ಆದರೂ ಪ್ರತಿ ವರ್ಷ ಅದರ ಮೇಲೆ ರಸ್ತೆ ಮಾಡಿ ಮತ್ತೆ ಪರೀಕ್ಷೆಗೆ ಕೂರಿಸುತ್ತಾರೆ.

ಈ ನೆಲದ ಮೇಲೆ ಏನು ಹಾಕಬೇಕು ಎಂಬಲ್ಲಿ ಕವಿತಾಳದ ಚಹಾದ ಅಂಗಡಿಗಳಲ್ಲಿ ಹಲವು ದರ್ಶನಗಳು ಬೆಳೆದಿವೆ. ಸುಣ್ಣವಾದಿಗಳದು ಚಿಕ್ಕ ಪಂಥ. ನೂರಕ್ಕೆ ನಾಲ್ಕೈದು ಪಾಲು ಸುಣ್ಣ ಕಲಸಿದರೆ ಎರೆಯ ಉಬ್ಬಸ ತಗ್ಗುತ್ತದೆ ಎಂಬ ಅವರ ಮಾತು ಪ್ರಯೋಗಾಲಯದಲ್ಲಿ ನೂರಕ್ಕೆ ನೂರು ಸತ್ಯ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಸೇರಿಸಿದರೆ ಇನ್ನೂ ಒಳ್ಳೆಯದು ಎಂಬುದು ಅವರ ಉಪಪಂಥ. “ಎಲಿಗೆ ಸುಣ್ಣ ಹಚ್ಚೂದು ಗೊತ್ತೈತಿ, ಹೊಲಕ್ಕ್ಯಾರ ಹಚ್ಚತಾರ?” ಎಂಬ ಒಂದೇ ಮಾತಿಗೆ ಆ ದರ್ಶನ ಇಲ್ಲಿ ನೆಲಕಚ್ಚಿತು. ಸಿಸಿವಾದಿಗಳ ಬಗ್ಗೆ ಹೇಳಬೇಕಾಗಿಲ್ಲ. ಅವರಿಗೆ ಕಂಡದ್ದಕ್ಕೆಲ್ಲ ಕಾಂಕ್ರೀಟು.

ಗಂಭೀರವಾಗಿ ಪರಿಗಣಿಸಬೇಕಾದದ್ದು ಮರಂವಾದ, ಅಂದರೆ ಗರಸುಮಣ್ಣಿನ ಪಂಥ. “ತಳಕ್ಕ ಮರಂ ಬೀಳ್ಲಿ, ಮ್ಯಾಲಿಂದು ಆಮ್ಯಾಲ” ಎಂಬುದೇ ಅದರ ಮಹಾವಾಕ್ಯ. ಲೆಕ್ಕ ಹಾಕಿ ನೋಡೋಣ. ದಾರಿ 500 ಮೀಟರು ಉದ್ದ, 3 ಮೀಟರು ಅಗಲ, ಒಂದಡಿ ದಪ್ಪ. ಸುಮಾರು 450 ಘನ ಮೀಟರು, ಅಂದರೆ ನಮ್ಮ ಭಾಷೆಯಲ್ಲಿ ಹತ್ತಿರ ಹತ್ತಿರ 160 ಬ್ರಾಸು. ಒಂದು ಟ್ರೇಲರಿಗೆ ಒಂದು ಬ್ರಾಸು ಹಿಡಿದರೆ 160 ಖೇಪು. ಗುಡ್ಡದಿಂದ ಹೇರಿಕೊಂಡು ಬರುವ ಈ ಟ್ರೇಲರುಗಳು ಊರೊಳಗಿನ ಸರಕಾರಿ ರಸ್ತೆಯ ಮೇಲೆಯೇ ಓಡಾಡಬೇಕು. ಕೊನೆಯ ಖೇಪು ಮುಗಿಯುವ ಹೊತ್ತಿಗೆ ಆ ರಸ್ತೆ ಮಣ್ಣಾಗಿರುತ್ತದೆ, ಹೊಲದ ಮಣ್ಣು ರಸ್ತೆಯಾಗಿರುತ್ತದೆ. ಜಗತ್ತಿನಲ್ಲಿ ರಸ್ತೆಯ ಒಟ್ಟು ಪ್ರಮಾಣ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ, ಒಬ್ಬರ ಕಡೆಯಿಂದ ಇನ್ನೊಬ್ಬರ ಕಡೆಗೆ ಸರಿಯುತ್ತದೆ ಅಷ್ಟೆ. ಇದಕ್ಕೆ ರಸ್ತೆಯ ನಿತ್ಯತ್ವ ನಿಯಮ ಎಂದು ನಾವು ಹೆಸರಿಟ್ಟಿದ್ದೇವೆ.

ನಮ್ಮ ಅಧ್ಯಯನಕ್ಕೆ ಒಳಪಟ್ಟ ದಾರಿಯ ಧಣಿ (ಹೆಸರು ಬೇಡ, ಈ ಸೀಮೆಯಲ್ಲಿ ಧಣಿ ಎಂದರೆ ಸಾಕು) ಮರಂ ಮುಗಿಸಿ ಒಂದು ಮಳೆಗಾಲ ಕಾದರು. ಶಾಸ್ತ್ರಕ್ಕೆ ಕಟ್ಟುಬಿದ್ದಲ್ಲ, ಮಗಳ ಮದುವೆ ಮುಂದಕ್ಕೆ ಹೋಗಿದ್ದರಿಂದ. ಖಾಸಗಿ ಡಾಂಬರಿಗೆ ಮುಹೂರ್ತಗಳು ಎರಡೇ. ಒಂದು ಮನೆಯಲ್ಲಿ ಮದುವೆ. ಇನ್ನೊಂದು, ಹತ್ತಿರದಲ್ಲೆಲ್ಲೋ ಸರಕಾರಿ ಡಾಂಬರು ನಡೆದಿರುವುದು. ಎರಡನೆಯದನ್ನು ಕೆಲವರು ಅನುಮಾನದಿಂದ ನೋಡುತ್ತಾರೆ. ಅವರಿಗೆ ಉಷ್ಣಶಾಸ್ತ್ರ ಗೊತ್ತಿಲ್ಲ. ಖಡಿ ಡಾಂಬರಿನ ಮಿಶ್ರಣ 150 ಡಿಗ್ರಿಯ ಆಚೆ ಈಚೆ ಬಿಸಿಯಿರುವಾಗ ಹೊರಡಬೇಕು, 90 ಡಿಗ್ರಿಗೆ ಇಳಿಯುವುದರೊಳಗೆ ರೋಲರ್ ಓಡಿ ಮುಗಿಯಬೇಕು. ದೂರದಿಂದ ತಂದರೆ ಆರಿ ಗಡ್ಡೆ ಕಟ್ಟುತ್ತದೆ. ಆದ್ದರಿಂದ ಪಕ್ಕದ ಸರಕಾರಿ ಕೆಲಸದ ಯಂತ್ರ ಸಂಜೆ ಹೊತ್ತಿನಲ್ಲಿ ಧಣಿಯ ದಾರಿಗೆ ತಿರುಗಿದರೆ ಅದು ಉಷ್ಣಾಂಶದ ಅನಿವಾರ್ಯ. “ಹೆಂಗೂ ಮಷಿನ್ ಬಂದಾದ” ಎಂಬ ಪ್ರಸಿದ್ಧ ಸೂತ್ರಕ್ಕೆ ಇದೇ ವೈಜ್ಞಾನಿಕ ಭಾಷ್ಯ.

ಹಾಕುವ ದಿನದ ವರ್ಣನೆ ಅಗತ್ಯ, ಏಕೆಂದರೆ ಆ ಬಳಿಕ ರಸ್ತೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಬೆಳಗ್ಗೆ ಹೆಂಗಸರು ಸಣ್ಣ ಕಸಬರಿಗೆಯಿಂದ ಖಡಿಯ ಮೇಲಿನ ಧೂಳು ಉಡುಗುತ್ತಾರೆ. ಉಡುಗಿದಷ್ಟೂ ಮೇಲೇಳುವ ಧೂಳಿನೊಳಗೆ ಅವರ ಸೆರಗು ಮಾತ್ರ ಕಾಣುತ್ತದೆ. ಡಬ್ಬಿಗೆ ತೂತು ಕೊರೆದು ಮಾಡಿದ ಝಾರಿಯಿಂದ ಒಬ್ಬ ಕುದಿವ ಡಾಂಬರನ್ನು ಗೆರೆಗೆರೆಯಾಗಿ ಚಿಮುಕಿಸುತ್ತ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾನೆ. ಕಾಲಿಗೆ ಗೋಣಿತಟ್ಟು ಸುತ್ತಿ, ಮೇಲೆ ಟೈರಿನ ತುಂಡು ಕಟ್ಟಿಕೊಂಡವರು ಕುಂಟೆಯಂಥ ಹಲಗೆಯಿಂದ ಮಾಲು ಎಳೆಯುತ್ತಾರೆ. ಎರಡು ಸೆಂಟಿಮೀಟರು ದಪ್ಪದ ಹೊದಿಕೆ. ಅದರ ಮೇಲೆ ರೋಲರ್, ರೋಲರಿನ ಗಾಲಿಗೆ ಅಂಟಬಾರದೆಂದು ಒಬ್ಬ ಹುಡುಗ ಒದ್ದೆ ಬಟ್ಟೆ ಒತ್ತಿಕೊಂಡು ಜೊತೆಗೇ ಓಡುತ್ತಾನೆ. ಧಣಿ ಕುರ್ಚಿ ಹಾಕಿಸಿಕೊಂಡು ಬೇವಿನ ನೆರಳಲ್ಲಿ ಕುಂತಿದ್ದರು. ಮೇಸ್ತ್ರಿ ಬಂದು ನಡು ಎತ್ತರ, ಅಂಚು ತಗ್ಗು ಇರಬೇಕು, ಇಲ್ಲದಿದ್ದರೆ ನೀರು ನಿಲ್ಲುತ್ತದೆ ಎಂದ. ನಡುವಿನಿಂದ ಅಂಚಿಗೆ ಮೀಟರಿಗೆ ಎರಡೂವರೆ ಸೆಂಟಿಮೀಟರು ಇಳಿಜಾರು ಎಂಬುದು ಶಾಸ್ತ್ರೋಕ್ತ. “ನೀರು ನಿಲ್ಲಾಕ ಮಳಿ ಎಲ್ಲಿ ಬರ್ತದ?” ಎಂದು ಧಣಿ ಆ ಇಳಿಜಾರಿನ ಖರ್ಚನ್ನು ಉಳಿಸಿದರು.

ಮುಂದಿನ ಕಥೆ ಎರೆಯದು. ಡಾಂಬರಿನ ಮುಚ್ಚಳದ ಕೆಳಗೆ ನಡುವಿನ ಮಣ್ಣು ಹಸಿಯಾಗಿಯೇ ಉಳಿಯುತ್ತದೆ, ಅಂಚಿನ ಮಣ್ಣು ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಆದ್ದರಿಂದ ಬಿರುಕು ಅಡ್ಡಕ್ಕೆ ಬರುವುದಿಲ್ಲ, ಅಂಚಿನಗುಂಟ ಉದ್ದಕ್ಕೆ ಬರುತ್ತದೆ, ಸರ್ವೇಯವರು ಗೆರೆ ಎಳೆದಷ್ಟು ನೆಟ್ಟಗೆ. ನೋಡಿದವರು ಇದನ್ನು ಕಳಪೆ ಕಾಮಗಾರಿ ಎನ್ನುತ್ತಾರೆ. ನೆಲವು ತನ್ನ ಜಾಗವನ್ನು ಹದ್ದುಬಸ್ತು ಮಾಡಿಕೊಳ್ಳುತ್ತಿದೆ ಎಂಬುದು ನಮ್ಮ ನಮ್ರ ಅಭಿಪ್ರಾಯ. ಮೇ ತಿಂಗಳಿನದು ಇನ್ನೊಂದು ಆಟ. ಇಲ್ಲಿ ಬಳಸುವ ಡಾಂಬರು ಮೆತ್ತಗಾಗುವ ಉಷ್ಣಾಂಶಕ್ಕೆ ಮಾನಕದವರು ನಿಗದಿ ಮಾಡಿದ ಕನಿಷ್ಠ ಮಟ್ಟ 47 ಡಿಗ್ರಿ. ರಾಯಚೂರಿನ ಮಧ್ಯಾಹ್ನದ ಬಿಸಿಲಲ್ಲಿ ಕಪ್ಪು ರಸ್ತೆಯ ಮೈ ಅದನ್ನು ಎಂದೋ ದಾಟಿರುತ್ತದೆ. ಹೀಗಾಗಿ ಮಳೆಗಾಲದಲ್ಲಿ ಮಣ್ಣು ಇಸಿದುಕೊಳ್ಳುತ್ತಿದ್ದ ಚಪ್ಪಲಿಯನ್ನು ಈಗ ಬೇಸಿಗೆಯಲ್ಲಿ ಡಾಂಬರು ಇಸಿದುಕೊಳ್ಳುತ್ತದೆ. ಪ್ರಗತಿಯೆಂದರೆ ಋತುಬದಲಾವಣೆ.

ಇಷ್ಟೆಲ್ಲ ಭೌತಿಕ. ತಾತ್ತ್ವಿಕ ಸಮಸ್ಯೆ ಹುಟ್ಟಿದ್ದು ಮದುವೆಯ ಪೆಂಡಾಲು ಬಿಚ್ಚಿದ ಮೇಲೆ. ಮಣ್ಣಿನ ದಾರಿ ಇದ್ದಾಗ ಅದು ಧಣಿಯದೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹುಗಿದ ಬಂಡಿಯೂ ಅವರದೇ, ಬೈಗಳೂ ಅವರದೇ. ಡಾಂಬರು ಬಿದ್ದು ಮೊದಲ ಸುಗ್ಗಿ ಬಂತು. ಒಂದು ಬೆಳಗ್ಗೆ ಕಾರು ತೆಗೆದು ಹೊರಟ ಧಣಿಗೆ ಗೇಟಿನಿಂದ ಹೆದ್ದಾರಿಯವರೆಗೆ ತೊಗರಿ ಕಂಡಿತು. ಪಕ್ಕದ ಹೊಲದವರು ಕಟಾವಿನ ತೊಗರಿಗಿಡವನ್ನು ರಸ್ತೆಯುದ್ದಕ್ಕೂ ಹಾಸಿ, ಬದಿಗೆ ಕುಂತು, ವಾಹನದ ದಾರಿ ಕಾಯುತ್ತಿದ್ದರು. “ಬರ್ರಿ ಧಣಿ, ಒಂದೆರಡ ಸರ್ತಿ ಹೋಗಿ ಬಂದ್ರ ಕಾಳು ಉದುರತಾವ.” ಮದುವೆಗೆಂದು ಕೊಂಡ ಕಾರಿನಿಂದ ಧಣಿ ತೊಗರಿ ಒಕ್ಕಿದರು. ಆಮೇಲೆ ಸಜ್ಜೆ, ಭತ್ತ, ಅಂಚಿಗೆ ಕೆಂಪು ಮೆಣಸಿನಕಾಯಿ. ರಾತ್ರಿ ಕಾಳು ಕಾಯಲು ಮಂಚಗಳೂ ಬಂದವು. ಭತ್ತದ ಗದ್ದೆಯ ಕೇಜ್ ವೀಲ್ ಬಿಚ್ಚಲು ಬೇಸರವಾದ ಟ್ರ್ಯಾಕ್ಟರೊಂದು ಅದೇ ಹಲ್ಲುಗಾಲಿಯಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿ ಹೊದಿಕೆಯ ಮೇಲೆ ಹೊಸ ಬಗೆಯ ಕ್ಯೂನಿಫಾರಂ ಬರೆಯಿತು. ಬೋರಿನ ಪೈಪು ದಾಟಿಸಲು ಒಬ್ಬರು ರಾತ್ರೋರಾತ್ರಿ ಅಡ್ಡ ಸೀಳಿ, ಬೆಳಗ್ಗೆ ಮಣ್ಣು ಮುಚ್ಚಿದರು. ಮುಚ್ಚಿದ್ದು ಉಬ್ಬಿ ಸ್ಪೀಡ್ ಬ್ರೇಕರ್ ಆಯಿತು. ಈ ರಸ್ತೆಯ ಮೇಲೆ ಇನ್ನೂ ಆಗದಿರುವ ಸಾರ್ವಜನಿಕ ಕೆಲಸ ಒಂದೇ, ರಸ್ತೆ ತಡೆ. ನಾಲೆಯ ಕೊನೆಯ ಭಾಗಕ್ಕೆ ನೀರು ಬರದಾಗ ರೈತರು ಹೆದ್ದಾರಿಗೇ ಹೋಗುತ್ತಾರೆ. ಧಣಿಯೊಬ್ಬರನ್ನೇ ತಡೆದರೆ ಯಾವ ಅಧಿಕಾರಿಯೂ ಓಡಿ ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ? ರೋಮನ್ನರ ಹನ್ನೆರಡು ಫಲಕಗಳ ಕಾನೂನು ಇನ್ನೊಬ್ಬರ ಹೊಲದೊಳಗಿನ ದಾರಿ ನೆಟ್ಟಗಿದ್ದಲ್ಲಿ 8 ಅಡಿ, ತಿರುವಿನಲ್ಲಿ 16 ಅಡಿ ಇರಬೇಕೆಂದು ಗೊತ್ತು ಮಾಡಿತ್ತು. ಮೆಣಸಿನಕಾಯಿ ಹರವಲು ಎಷ್ಟು ಅಡಿ ಎಂಬ ಬಗ್ಗೆ ಆ ಫಲಕಗಳು ಮೌನ. ನಮ್ಮ 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಯಾರಾದರೂ 20 ವರ್ಷ ಬಹಿರಂಗವಾಗಿ, ಅಡೆತಡೆಯಿಲ್ಲದೆ, ಹಕ್ಕೆಂಬಂತೆ ಒಂದು ದಾರಿಯಲ್ಲಿ ಓಡಾಡಿದರೆ ಅದು ಹಕ್ಕೇ ಆಗಿಬಿಡುತ್ತದೆ. ಈ ಅಪಾಯ ತಪ್ಪಿಸಲು ನ್ಯೂಯಾರ್ಕಿನಲ್ಲಿ ರಾಕ್‌ಫೆಲರ್ ಪ್ಲಾಜಾ ಎಂಬ ಖಾಸಗಿ ಬೀದಿಯನ್ನು ವರ್ಷಕ್ಕೊಂದು ದಿನ ಮುಚ್ಚಿ, ಇದು ನಮ್ಮದು ಎಂದು ನೆನಪಿಸುವ ಪದ್ಧತಿಯಿದೆ. ಕವಿತಾಳದಲ್ಲಿ ಅದೇ ಕೆಲಸಕ್ಕೆ ಜಾಲಿಮುಳ್ಳಿನ ಕಂಟಿ ಸಾಕು. ಧಣಿಯೂ ಒಂದು ಸಂಜೆ ಅಡ್ಡ ಎಳೆಸಿದರು. ಕಂಟಿ ಬಂದದ್ದು ಒಳ್ಳೆಯದಾಯಿತು, ದನ ಬಂದು ಕಾಳಿಗೆ ಬಾಯಿ ಹಾಕುವುದು ನಿಂತಿತು ಎಂದು ಪಕ್ಕದವರು ಸಂತೋಷಪಟ್ಟರು.

ಉಳಿದದ್ದು ಕಂದಾಯದ ಪ್ರಶ್ನೆ. ಇಡೀ ಮೀಮಾಂಸೆಯ ಗಂಟು ಇರುವುದು ಇಲ್ಲಿಯೇ. 1966ರ ಕರ್ನಾಟಕ ಭೂ ಕಂದಾಯ ನಿಯಮಗಳ 21ನೆಯ ನಿಯಮ ಖರಾಬು, ಅಂದರೆ ಸಾಗುವಳಿಗೆ ಬಾರದ, ಜಮೀನನ್ನು ಎರಡು ಜಾತಿ ಮಾಡಿದೆ. ಹಿಡುವಳಿದಾರನ ಹೊಲಮನೆ, ಕಣ ಇರುವ ಜಾಗ ‘ಅ’ ಖರಾಬು. ರಸ್ತೆ, ರೂಢಿಯ ಕಾಲುದಾರಿ, ಸಾರ್ವಜನಿಕ ಉಪಯೋಗದ್ದು ‘ಬ’ ಖರಾಬು. ಧಣಿಯ ಡಾಂಬರು ರಸ್ತೆಯೆಂದರೆ ‘ಬ’ಕ್ಕೆ ಹೋಗಿ ಊರಿನದಾಗುವ ಭಯ. ಕಣವೆಂದು ತೋರಿಸಿದರೆ ‘ಅ’ ಆಗಿ ಮಾನ ಉಳಿಯುತ್ತದೆ, ಆದರೆ ಒಕ್ಕುತ್ತಿರುವುದು ಅವರ ರಾಶಿಯಲ್ಲ. ಊರವರೆಲ್ಲರ ಕಣವಾಗಿರುವ ಒಬ್ಬರ ರಸ್ತೆಗೆ ನಿಯಮದಲ್ಲಿ ಅಕ್ಷರವೇ ಇಲ್ಲ. ‘ಕ’ ಖರಾಬು ಎಂಬ ಹೊಸ ವರ್ಗ ಬೇಕೆಂದು ನಾವು ಸೂಚಿಸಿದಾಗ ಧಣಿ ಲಕ್ಷ್ಯ ಕೊಡಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಪಕ್ಕದ ಹೊಲದ ಹಿರಿಯರು ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದಿದ್ದರು. ನಡುವೆ ಗುಂಡಿ ಬಿದ್ದಾವ, ಕಾಳು ಹೋಗಿ ಕುಂದರತಾವ, ಆರಿಸಾಕ ಹೆಣ್ಮಕ್ಕಳಿಗೆ ತ್ರಾಸಾಗತದ ಎಂಬುದು ಅವರ ದೂರು. ಬರುವ ಸುಗ್ಗಿಯೊಳಗ ಪ್ಯಾಚ್ ಹಾಕಿಸಬೇಕು, ಹಾಕಿಸುವಾಗ ಇನ್ನೊಂದು ಮೀಟರು ಅಗಲ ಮಾಡಿಸಿದರೆ ಭತ್ತಕ್ಕೂ ಅನುಕೂಲ ಎಂದರು. ಧಣಿ ಮೇಸ್ತ್ರಿಗೆ ಫೋನು ಹಚ್ಚಿದರು.