ನನ್ನ ಸಂಸಾರದ ಅಡಚಣೆಗಾಗಿ

ಊರವರ ಸಾಲ ಬರೆದುಕೊಟ್ಟೇ ಸಂಸಾರ ಸಾಗಿಸಿದವನು ನಾನು. ಬೆಳಗ್ಗೆ ದೇವಲಾಪುರದಲ್ಲಿ ಬಸ್ಸು ಹತ್ತಿ ನಾಗಮಂಗಲದಲ್ಲಿ ಇಳಿಯುವುದು, ಮೇಜಿನ ಧೂಳು ಒರೆಸುವುದು, ಕ್ರಯಪತ್ರ, ಭೋಗ್ಯಪತ್ರ, ಕೈಸಾಲದ ಪತ್ರ, ಅರ್ಜಿ ಅಂತ ಸಂಜೆವರೆಗೆ ಬರೆಯುವುದು. ಯಾರ ಸಾಲವೇ ಇರಲಿ, ಪತ್ರದೊಳಗೆ “ನನ್ನ ಸಂಸಾರದ ಅಡಚಣೆಗಾಗಿ” ಎಂಬ ಮಾತು ಬಂದೇ ಬರಬೇಕು. ಇಸ್ಪೀಟಿನಲ್ಲಿ ಕಳೆದುಕೊಂಡವನೂ ಪತ್ರದಲ್ಲಿ ಸಂಸಾರದ ಅಡಚಣೆಗೇ ಸಾಲ ಎತ್ತಿರುತ್ತಾನೆ. 2025ರ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಗಿರಾಕಿ ಇಲ್ಲದೆ ಕೂತಿದ್ದಾಗ, ಕೈ ಅಭ್ಯಾಸಬಲದಿಂದ ಆ ಸಾಲನ್ನು ಬರೆದುಬಿಟ್ಟಿತು. ಮುಂದೆ ಸಾಲಗಾರನ ಹೆಸರು ಹಾಕಬೇಕಲ್ಲ, ಎದುರಿಗೆ ಯಾರೂ ಇಲ್ಲ. ನನ್ನ ಹೆಸರೇ ಹಾಕಿ ನೋಡಿದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತುಕೊಂಡಿತು.

ಅವತ್ತು ರಾತ್ರಿ ಲೆಕ್ಕಕ್ಕೆ ಕೂತೆ. ನಮ್ಮ ಮನೆ ಸಾಲಗಳು ಐದು. ಪಾಂಡವರು ಬಂದು ತಂಗಿದ್ದು ಪಕ್ಕದ ಪಾಂಡವಪುರದಲ್ಲಿ ಅಂತ ಜನ ಹೇಳುತ್ತಾರೆ; ಅವರಾದರೂ ಒಂದು ದಿನ ಎದ್ದು ಹೋದರು. ನಮ್ಮ ಮನೆಯ ಐವರಿಗೆ ಅಂಥ ಯೋಚನೆ ಇರಲಿಲ್ಲ.

ಹಿರಿಯವನು ಧರ್ಮರಾಯ, ಅಂದರೆ ಸೊಸೈಟಿಯ ಬೆಳೆ ಸಾಲ. ಬಡ್ಡಿ ಸೊನ್ನೆ, ಮುಖದಲ್ಲಿ ಶಾಂತಿ. ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ ಸೊನ್ನೆ. ಕಟ್ಟಿ ಮತ್ತೆ ಎತ್ತಿಕೊಳ್ಳುವುದಕ್ಕೆ ವಾರ ಹತ್ತು ದಿನದ ಮಟ್ಟಿಗೆ ಯಾರ ಹತ್ತಿರವಾದರೂ ದುಡ್ಡು ತರಬೇಕು, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ. ಸೊನ್ನೆ ಬಡ್ಡಿಯನ್ನು ಸೊನ್ನೆಯಾಗಿ ಉಳಿಸಿಕೊಳ್ಳಲು ವರ್ಷಕ್ಕೆ ಶೇಕಡ 36ರ ದರದಲ್ಲಿ ಸಾಲ ಮಾಡುವ ಈ ವಿದ್ಯೆಯನ್ನು ಯಾವ ವಿಶ್ವವಿದ್ಯಾಲಯದಲ್ಲೂ ಕಲಿಸುವುದಿಲ್ಲ. ನಮ್ಮಲ್ಲಿ ಏಳನೇ ಕ್ಲಾಸು ಓದಿದವರಿಗೂ ಬರುತ್ತದೆ.

ಎರಡನೆಯವನು ಭೀಮ, ಚಿನ್ನದ ಸಾಲ. ಮಂಡ್ಯ ಜಿಲ್ಲೆ ಅಂದ ತಕ್ಷಣ ಹೊರಗಿನವರು ಕಬ್ಬು, ಭತ್ತ, ಹಸಿರು ಅಂತ ಕಣ್ಣರಳಿಸುತ್ತಾರೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾದರೇನು, ಅದರ ನಾಲೆ ನೀರು ನಮ್ಮ ಎತ್ತರದ ಹೊಲ ಹತ್ತಲಿಲ್ಲ. ಹಾಗಾಗಿ ಬೋರು ಕೊರೆಸಿದೆ. ಮೊದಲನೆಯದರಲ್ಲಿ ಧೂಳು ಬಂತು. ಎರಡನೆಯದರಲ್ಲಿ ಹೆಚ್ಚು ಧೂಳು ಬಂತು. ನಮ್ಮನೆಯವಳ ಸರ ಆವತ್ತು ಬ್ಯಾಂಕಿಗೆ ಹೋದದ್ದು ಇನ್ನೂ ಅಲ್ಲೇ ಇದೆ. ಚಿನ್ನದ ಬೆಲೆ ಏರಿದ್ದು ಕೇಳಿ ನಾನು ಖುಷಿಪಟ್ಟೆ, ಯಾಕೆಂದರೆ ಅದೇ ಸರಕ್ಕೆ ಇನ್ನಷ್ಟು ಸಾಲ ಸಿಗುತ್ತಿತ್ತು. ಎತ್ತಿದೆ ಕೂಡ. ಸರ ತೂಕದಲ್ಲಿ ಒಂದು ಗುಲಗಂಜಿ ಹೆಚ್ಚಲಿಲ್ಲ, ಭೀಮ ಮಾತ್ರ ದಪ್ಪಗಾದ.

ಮೂರನೆಯವನು ಅರ್ಜುನ, ಕೈಸಾಲ. ಯಾವ ದಿಕ್ಕಿನಿಂದ ಬೇಕಾದರೂ ಬಾಣ ಬರುತ್ತದೆ. ನಕುಲ ಸಹದೇವರು ನಮ್ಮನೆಯವಳ ಎರಡು ಸಂಘದ ಸಾಲಗಳು. ವಾರಕ್ಕೊಂದು ಕಂತು, ತಪ್ಪುವ ಹಾಗಿಲ್ಲ. 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಸಣ್ಣ ಸಾಲ ವಸೂಲಿಗೆ ಬರುವವರು ಬೆದರಿಸಕೂಡದು ಎಂದಿತು. ಓದಿ ಹೇಳಿದೆ. ನಮ್ಮನೆಯವಳು, “ಅವ್ರಿಗೆ ಯಾರು ಹೆದರ್ತಾರೆ? ನಾನು ಕಟ್ಲಿಲ್ಲ ಅಂದ್ರೆ ನಮ್ಮ ಗುಂಪಿನ ಹೆಂಗಸ್ರು ಕಟ್ಬೇಕು. ಅವ್ರೆಲ್ಲ ಬಂದು ಜಗಲಿ ಮೇಲೆ ಕೂತ್ಕಂಡ್ರೆ ಯಾವ ಆಜ್ಞೆ ತೋರಿಸೀರಿ?” ಅಂದಳು. ಸುಗ್ರೀವನೇ ಬಂದರೂ ಆ ಜಗಲಿಗೆ ಕಾಲಿಡಲಾರ ಅಂತ ನನಗೂ ಅನ್ನಿಸಿತು.

ಸರಿ, ಖರ್ಚು ಕಡಿಮೆ ಮಾಡಬೇಕು. ಯಾರದು? ಮನೆಯದು ಅಂದರೆ ನನ್ನದಲ್ಲ ಅಂತ ಗಂಡಸಿಗೆ ಹುಟ್ಟಿನಿಂದಲೇ ಗೊತ್ತಿರುತ್ತದೆ. ಅಡುಗೆಮನೆಯಿಂದ ಶುರು ಮಾಡಿದೆ. “ಇವತ್ತಿಂದ ಎಣ್ಣೆ, ಕಾಯಿ, ಬೇಳೆ ಕಮ್ಮಿ. ಸಾದಾ ಅಡುಗೆ ಸಾಕು,” ಎಂದೆ. ಅವಳು ಪಾತ್ರೆಯ ಮುಚ್ಚಳ ತೆಗೆದು ತೋರಿಸಿದಳು. ಉಪ್ಸಾರು. “ಇದ್ಕಿಂತ ಕೆಳಕ್ಕಿಳೀಬೇಕಂದ್ರೆ ಇನ್ನು ಬರೀ ಉಪ್ಪೇ ಕಣ್ರಿ.” ನಮ್ಮ ಸೀಮೆಯ ಅಡುಗೆಗೆ ಮಿತವ್ಯಯ ಹೇಳಿಕೊಡುವುದು ಮೀನಿಗೆ ಈಜು ಹೇಳಿಕೊಟ್ಟ ಹಾಗೆ. ಹುರುಳಿ ಬೇಯಿಸಿದರೆ ಬಸಿದ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ಸೊಪ್ಪು ಬೇಯಿಸಿದರೂ ಅದೇ ನ್ಯಾಯ. ಉಳಿದ ಮುದ್ದೆಯನ್ನು ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿದರೆ ಅಂಬಲಿ. ಆ ಪಾತ್ರೆ ತೊಳೆದ ನೀರೂ ಹಸುವಿಗೆ. ಹಸುವಿನಿಂದ ಡೈರಿಗೆ ಹಾಲು, ಡೈರಿಯಿಂದ ಹದಿನೈದು ದಿನಕ್ಕೊಮ್ಮೆ ಬಟವಾಡೆ, ಬಟವಾಡೆಯಿಂದ ಸಂಘದ ಕಂತು. ಈ ಚಕ್ರದಲ್ಲಿ ಕೈ ಹಾಕಲು ನನಗೆ ಸಂದೇ ಸಿಗಲಿಲ್ಲ. ಹಾಲಿಗೆ ಒಂದು ಲೋಟ ನೀರು ಸೇರಿಸಿದರೆ ಹೇಗೆ ಎಂದೆ. ಲ್ಯಾಕ್ಟೋಮೀಟರು ನನಗಿಂತ ಪ್ರಾಮಾಣಿಕ ಎಂಬ ಉತ್ತರ ಬಂತು.

ಆಮೇಲೆ ಕರೆಂಟು. ರಾತ್ರಿ ಎದ್ದು ಎಲ್ಲರ ಫ್ಯಾನು ಆರಿಸಿದೆ. ಒಂದು ವಾರ ಮನೆಮಂದಿಯೆಲ್ಲ ಸೊಳ್ಳೆ ಹೊಡೆಯುತ್ತ ನನಗೆ ಆಶೀರ್ವಾದ ಮಾಡಿದರು. ತಿಂಗಳ ಕೊನೆಗೆ ಬಿಲ್ಲು ಬಂತು: ಸೊನ್ನೆ. ಹಿಂದಿನ ತಿಂಗಳದ್ದು ತೆಗೆದು ನೋಡಿದೆ: ಸೊನ್ನೆ. ಗೃಹಜ್ಯೋತಿ ಬಂದ 2023ರಿಂದ ನಮ್ಮದು ಸೊನ್ನೆಯೇ. ಸೊನ್ನೆಯಲ್ಲಿ ಎಷ್ಟು ಕಳೆದರೂ ಸೊನ್ನೆ ಎಂಬ ಗಣಿತವನ್ನು ಐವತ್ತೆರಡನೇ ವಯಸ್ಸಿನಲ್ಲಿ, ಮೈತುಂಬ ದದ್ದು ಏಳಿಸಿಕೊಂಡು ಕಲಿತೆ.

ಬಸ್ ಚಾರ್ಜಿಗೆ ಬಂದೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ. ಮನೆಯಲ್ಲಿರುವವರು ಅವ್ವ, ನಮ್ಮನೆಯವಳು, ಚಿಕ್ಕ ಮಗಳು ಮತ್ತು ನಾನು. ಟಿಕೆಟ್ ತೆಗೆಸುವ ಪ್ರಾಣಿ ಒಂದೇ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದೂ ಯಜಮಾನಿ ಖಾತೆಗೆ. ಸರ್ಕಾರವೇ ಕಾಗದದ ಮೇಲೆ ಅವಳನ್ನು ಮನೆ ಯಜಮಾನಿ ಎಂದು ಬರೆದ ಮೇಲೆ, ಮೂವತ್ತು ವರ್ಷ ಕಾಗದ ಬರೆದವನು ನಾನು, ಅದರ ಬೆಲೆ ಗೊತ್ತು, ಎದುರಾಡಲಿಲ್ಲ.

ಅಷ್ಟರಲ್ಲಿ ಯುಗಾದಿ ಬಂತು. ಮಾರ್ಚ್ 30ಕ್ಕೆ ಹಬ್ಬ, ಮಾರನೆ ದಿನ ವರ್ಷತೊಡಕು. ನಮ್ಮ ಕಡೆ ವರ್ಷತೊಡಕಿಗೆ ಗುಡ್ಡೆ ಬಾಡು ಅಂದರೆ ಗೊತ್ತಲ್ಲ: ಹತ್ತಾರು ಮನೆಯವರು ದುಡ್ಡು ಹಾಕಿ ಕುರಿ ತಂದು, ಬಾಳೆ ಎಲೆ ಮೇಲೆ ಸಮ ಸಮ ಗುಡ್ಡೆ ಹಾಕಿ ಹಂಚಿಕೊಳ್ಳುವುದು. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬ ನಂಬಿಕೆ ಬೇರೆ. ಉಳಿತಾಯ ಮಾಡಿದರೆ ವರ್ಷವೆಲ್ಲ ಉಳಿತಾಯ ಅಂತ ಲೆಕ್ಕ ಹಾಕಿ, “ಈ ಸಲ ನಮಗೆ ಪಾಲು ಬೇಡ” ಎಂದು ಹೇಳಿ ಕಳಿಸಿದೆ. ಮಧ್ಯಾಹ್ನದೊಳಗೆ ಅರಳಿಕಟ್ಟೆವರೆಗೆ ಸುದ್ದಿ. ಮೂರು ಗಂಟೆಗೆ ಕೈಸಾಲ ಕೊಟ್ಟವರೊಬ್ಬರು ಬಂದರು. ಬಾಯಲ್ಲಿ ಎಲೆ ಅಡಿಕೆ, ಮುಖದಲ್ಲಿ ಬಾಡೂಟದ ತೃಪ್ತಿ. “ಏನಿಲ್ಲ ಬುಡಿ ಸ್ವಾಮಿ, ಬಾಡು ಬಿಟ್ಟ್ರಂತೆ ಅಂತ ಕೇಳ್ದೆ. ಮನೇಲಿ ಅಷ್ಟು ತೊಂದ್ರೆ ಐತೆ ಅಂತ ಗೊತ್ತಿರ್ಲಿಲ್ಲ. ನಮ್ದೊಂದು ಬಾಕಿ ಇತ್ತಲ್ಲ...” ಸಂಜೆಗೆ ಇನ್ನಿಬ್ಬರು ಬಂದರು. ಮೂವರಿಗೂ ಟೀ ಕಾಸಿಕೊಟ್ಟ ಖರ್ಚು ನಮ್ಮದೇ. ವರ್ಷತೊಡಕಿನ ನಂಬಿಕೆ ಸುಳ್ಳಲ್ಲ. ಅವತ್ತಿನಿಂದ ಯಾರಾದರೊಬ್ಬರು ಬರುತ್ತಲೇ ಇದ್ದಾರೆ.

ಅವತ್ತು ನನಗೆ ತಿಳಿದದ್ದು ಇಷ್ಟು: ಹಳ್ಳಿಯಲ್ಲಿ ಸಾಲವನ್ನು ಬಹಿರಂಗವಾಗಿ ಮಾಡಬಹುದು, ಉಳಿತಾಯವನ್ನು ಮಾತ್ರ ಕದ್ದು ಮಾಡಬೇಕು. ಸಾಲ ಮಾಡಿದವನನ್ನು ಜನ ನಂಬುತ್ತಾರೆ. ಕೈ ಬಿಗಿ ಹಿಡಿದವನನ್ನು ಅನುಮಾನಿಸುತ್ತಾರೆ. ಅವ್ವ ಬಾಗಿಲಲ್ಲಿ ಕೂತು ಎಲ್ಲ ನೋಡುತ್ತಿದ್ದವಳು, “ಒಂದು ಗುಡ್ಡೆ ಬಾಡು ತಂದಿದ್ರೆ ಮೂರು ಜನ ಬರ್ತಿರ್ಲಿಲ್ಲ ಕಣ್ಲಾ ಮಗ,” ಅಂದಳು.

ಆರನೆಯವನ ವಿಷಯ ಬಂದದ್ದು ವೈಶಾಖದಲ್ಲಿ. ಪಾಂಡವರಿಗೆ ಕರ್ಣನಿದ್ದ ಹಾಗೆ ನಮ್ಮ ಐದು ಸಾಲಗಳಿಗೂ ಒಬ್ಬ ಅಣ್ಣನಿದ್ದ. ಲೆಕ್ಕದಲ್ಲಿ ಇರಲಿಲ್ಲ, ಕುಂತಿಯಂತೆ ನಮ್ಮನೆಯವಳಿಗೆ ಮಾತ್ರ ಗೊತ್ತಿತ್ತು. ಅವನ ಹೆಸರು ಮುಯ್ಯಿ. ದೊಡ್ಡ ಮಗಳ ಮದುವೆಯಲ್ಲಿ ನೆಂಟರಿಷ್ಟರು ಹಾಕಿದ ಮುಯ್ಯಿಯನ್ನು ನಾನು ಆದಾಯ ಅಂದುಕೊಂಡಿದ್ದೆ. ಅದೇ ದುಡ್ಡಿನಲ್ಲಿ ಬೀಗರ ಊಟ ಜೋರಾಗಿ ಮಾಡಿ, ನಲ್ಲಿ ಮೂಳೆ ಎಲೆಗೆ ಎರಡೆರಡು ಬಡಿಸಿ, ಭೇಷ್ ಅನ್ನಿಸಿಕೊಂಡಿದ್ದೆ. ಈಗ ದಿನಕ್ಕೊಂದು ಲಗ್ನಪತ್ರಿಕೆ. ನಮ್ಮನೆಯವಳು ಟ್ರಂಕಿನಿಂದ ಇನ್ನೂರು ಪುಟದ ನೋಟ್ ಪುಸ್ತಕ ತೆಗೆದಳು. ಅರಿಶಿನ ಹಚ್ಚಿದ ರಟ್ಟು, ಒಳಗೆ ಊರು, ಹೆಸರು, ಮೊತ್ತ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ನಮ್ಮ ಹಳೇ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕೂತು ಮಾಡಿಕೊಂಡ ಟಿಪ್ಪಣಿಗಳನ್ನು ಆಮೇಲೆ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು. ಅವರು ಹೆಚ್ಚಾಗಿ ನೆನಪನ್ನೇ ನಂಬಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ನಮ್ಮ ಮುಯ್ಯಿ ಪುಸ್ತಕಕ್ಕೆ ಬೆಂಕಿ ಬೀಳಲಿ ಅಂತ ನಾನೂ ಒಂದು ಕ್ಷಣ ಹಾರೈಸಿದೆ. ಪ್ರಯೋಜನವಿಲ್ಲ. ನಮ್ಮನೆಯವಳೂ ಶ್ರೀನಿವಾಸರ ಥರದವಳೇ, ನೆನಪಿನಿಂದಲೇ ಪೈಸೆ ಪೈಸೆ ಬರೆದಾಳು.

“ಅವರು 500 ಹಾಕಿದ್ದಾರೆ, ನಾವೂ 500 ಹಾಕೋಣ. ಚುಕ್ತಾ,” ಎಂದೆ.

“ಹಾಕಿದಷ್ಟೇ ಹಾಕಿದ್ರೆ ಮುಯ್ಯಿ ತೀರಿಸ್ದಂಗಲ್ಲ, ನೆಂಟಸ್ತನ ತೀರಿಸ್ದಂಗೆ,” ಅಂದಳು.

ಆ ಮಾತಿಗೆ ನಾನು ತಲೆ ಆಡಿಸಲಿಲ್ಲ. ಮಿತವ್ಯಯ ಅಂದರೆ ಮಿತವ್ಯಯ ಅಂತ 500 ಜೇಬಿಗಿಟ್ಟುಕೊಂಡು ಮದುವೆಗೆ ಹೋದೆ. ಅಕ್ಷರ ದುಂಡಗಿದೆ ಅನ್ನುವ ಒಂದೇ ತಪ್ಪಿಗೆ ಸುತ್ತಲ ಊರಿನ ಮದುವೆಗಳಲ್ಲಿ ಮುಯ್ಯಿ ಬರೆಯುವ ಮೇಜಿಗೆ ನನ್ನನ್ನೇ ಕೂರಿಸುತ್ತಾರೆ. ಪಕ್ಕದಲ್ಲಿ ಹೆಸರು, ಮೊತ್ತ ಕೂಗಿ ಹೇಳುವವನೊಬ್ಬ. ಜನ ಕರಗಿದ ಮೇಲೆ ಬರೆದುಕೊಂಡರಾಯಿತು ಅಂತ ಕಾದೆ. ಅವನು ಬಿಡಲಿಲ್ಲ. “ಸ್ವಾಮಿ, ನಿಮ್ದು?” ಎಂದು ಕೂಗಿದ. ಸುತ್ತ ಹತ್ತು ತಲೆ ತಿರುಗಿದವು. ಅದರಲ್ಲಿ ವರ್ಷತೊಡಕಿನ ದಿನ ಬಂದಿದ್ದ ಮೂರು ತಲೆಗಳೂ ಇದ್ದವು. 500 ಅಂತ ಬರೆಯಲು ಹೋದ ಕೈ, ದೇವರಾಣೆಗೂ ನನ್ನನ್ನು ಕೇಳದೆ, 1,001 ಬರೆಯಿತು. ಕಡಿಮೆ ಬಿದ್ದ 501 ರೂಪಾಯಿಯನ್ನು ಆ ಮೂವರಲ್ಲೊಬ್ಬರ ಹತ್ತಿರ ಅಲ್ಲೇ ಕೈಸಾಲ ತೆಗೆದುಕೊಂಡೆ. ಅವರು ಸಂತೋಷವಾಗಿಯೇ ಕೊಟ್ಟರು. 1,001 ಹಾಕುವವನಿಗೆ ಯಾರು ಕೊಡುವುದಿಲ್ಲ?

ಕೊನೆಗೆ ಉಳಿದದ್ದು ನನ್ನ ಹೋಟೆಲ್ ಟೀ. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತ್ತು. ಏರಿಸಿದ್ದೆಲ್ಲ ಹಾಲು ಹಾಕುವ ರೈತರಿಗೆ ಅಂತ ಸರ್ಕಾರ ಹೇಳಿದ್ದರಿಂದ ನಮ್ಮನೆಯವಳ ಮುಖ ಅರಳಿತ್ತು. ಹೋಟೆಲಿನಲ್ಲಿ ಟೀ ಲೋಟ ಚಿಕ್ಕದಾಗಿದ್ದರಿಂದ ನನ್ನ ಮುಖ ಬಾಡಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ಬರೆಯುವ ಲೆಕ್ಕವನ್ನು ಅವತ್ತು ಮೊದಲ ಸಲ ಹತ್ತಿರದಿಂದ ನೋಡಿದೆ. ಚೌಕಗಳ ತುಂಬ ಬಿಡಿ ಅಕ್ಷರಗಳು. ‘ಹಾ’ ಅಂದರೆ ಹಾಲು, ‘ಸಂ’ ಅಂದರೆ ಸಂಘ. ಎಲ್ಲ ಚೌಕದಲ್ಲೂ ತಪ್ಪದೆ ‘ಯ 60’, ‘ಯ 75’ ಅಂತ ಒಂದಿತ್ತು. “ಈ ‘ಯ’ ಯಾವ ಸಾಲ?” ಎಂದು ಕೇಳಿದೆ.

“ಯಜಮಾನ್ರು.”

ಬಸ್ಸು, ಟೀ, ಎಲೆ ಅಡಿಕೆ, ಸಂಜೆಯ ಬೋಂಡ. ಮನೆಯಲ್ಲಿ ಕತ್ತರಿಸಲು ಬಾಕಿ ಇದ್ದ ಒಂದೇ ಖರ್ಚು ಇಷ್ಟು ದಿನ ಕತ್ತರಿ ಹಿಡಿದುಕೊಂಡು ಓಡಾಡುತ್ತಿತ್ತು.

ಅವತ್ತೇ ಟೀ ಬಿಟ್ಟೆ. ಹದಿನೈದು ದಿನದಲ್ಲಿ ಸಂಪಾದನೆ ಅರ್ಧಕ್ಕೆ ಇಳಿಯಿತು. ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಪತ್ರದ ಮಾತು ಕುದುರುವುದು ಮೇಜಿನ ಮುಂದಲ್ಲ, ಟೀ ಅಂಗಡಿಯ ಬೆಂಚಿನ ಮೇಲೆ. ಸಾಲ ಕೊಡುವವನು, ತೆಗೆದುಕೊಳ್ಳುವವನು, ಸಾಕ್ಷಿ ಹಾಕುವವನು ಮೂವರೂ ಸಿಗುವುದು ಅಲ್ಲೇ. ನಾನು ನಿಷ್ಠೆಯಿಂದ ಮೇಜಿನ ಮುಂದೆ ಕೂತಿದ್ದರೆ, ಪಕ್ಕದ ಮೇಜಿನವರು ಟೀ ಕುಡಿದುಕೊಂಡೇ ನನ್ನ ಗಿರಾಕಿಗಳ ಸಂಸಾರದ ಅಡಚಣೆಯನ್ನೆಲ್ಲ ಬರೆದು ಮುಗಿಸುತ್ತಿದ್ದರು.

ಬಾಯಲ್ಲಿ ಕೇಳಲು ನಾಚಿಕೆ. ಬೇರೆಯವರಿಗೆ ಅರ್ಜಿ ಬರೆದ ಕೈಯಲ್ಲಿ ನನಗೂ ಒಂದು ಬರೆದುಕೊಂಡೆ, ಮುಯ್ಯಿ ಪುಸ್ತಕದಲ್ಲಿ ಖಾಲಿ ಉಳಿದಿದ್ದ ಕೊನೇ ಹಾಳೆಯಲ್ಲಿ.

“ಮಾನ್ಯ ಯಜಮಾನಿಯವರ ಸನ್ನಿಧಾನಕ್ಕೆ. ವಿಷಯ: ದಿನವಹಿ ಎರಡು ಟೀ ಮಂಜೂರು ಮಾಡುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಸಂಸಾರದ ಅಡಚಣೆಗಾಗಿ...”

ಅವಳು ಹಾಲಿನ ಕ್ಯಾನು ಕೆಳಗಿಟ್ಟು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. “ಸಂಸಾರದ ಅಡಚಣೆ” ಎಂಬಲ್ಲಿ ಬೆರಳಿಟ್ಟು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. ಕ್ಯಾಲೆಂಡರಿಗೆ ದಾರ ಕಟ್ಟಿ ನೇತುಹಾಕಿದ್ದ ಪೆನ್ನು ಎಳೆದುಕೊಂಡು ಕೆಳಗೆ ಷರಾ ಬರೆದಳು:

“ಒಂದು ಟೀ. ಬೈಟು. ಇನ್ನರ್ಧ ಸಾಕ್ಷಿಗೆ.”